ಬೋಗುಣಿಯ ನೀರು ಕೆಂಪಾದಾಗ

ಟೆಲಿಫೋನ್ ಡೈರೆಕ್ಟರಿಯ ಹಾಳೆಗಳ ನಡುವಿನಿಂದ ಮೂರು ಅಂಚೆಚೀಟಿಗಳು ಜಾರಿ ವೇದವತಿಯ ಮಡಿಲಿಗೆ ಬಿದ್ದವು.

ಆಕೆ ಹುಡುಕುತ್ತಿದ್ದುದು ಒಬ್ಬ ವಕೀಲನ ನಂಬರನ್ನು. ಸತ್ತವರ ಮನೆಯ ಪಡಸಾಲೆಯಲ್ಲಿ, ಸತ್ತವರದೇ ಬೆತ್ತದ ಕುರ್ಚಿಯಲ್ಲಿ ಕುಳಿತು, ಇಟ್ಟಿಗೆಯಷ್ಟು ದಪ್ಪನೆಯ ಆ ಪುಸ್ತಕವನ್ನು ಸಿಟ್ಟಿನಿಂದ ತಿರುವಿಹಾಕುತ್ತಿದ್ದಳು. ಚೀಟಿಗಳು ಬಿದ್ದೊಡನೆ ಕೈ ನಿಧಾನವಾಯಿತು.

ಅದೇ ಪುಟದಲ್ಲಿ ಇನ್ನೂ ಕೆಲವು ಚೀಟಿಗಳಿದ್ದವು. ಮುಂದಿನ ಪುಟದಲ್ಲಿ ಮತ್ತಷ್ಟು. ಎಲ್ಲವೂ ಮುಖ ಕೆಳಗೆ ಮಾಡಿ, ಒಂದಕ್ಕೊಂದು ತಾಗದಂತೆ, ಸಾಲು ಹಿಡಿದು ಮಲಗಿದ್ದವು.

ಒಂದನ್ನು ಉಗುರಿನ ತುದಿಯಿಂದ ಎತ್ತಿದಳು. ಅಂಟಿನ ಪಸೆ ಉಳಿದಿದ್ದರಿಂದ ಅದು ಕಾಗದವನ್ನು ಸಣ್ಣಗೆ ಕಚ್ಚಿ ಹಿಡಿದಿತ್ತು. ಅಡಿಯ ಹಾಳೆ ನೀರು ಕುಡಿದು ಒಣಗಿ ಸುಕ್ಕಾಗಿತ್ತು. ಹಾಗಾದರೆ ಇವುಗಳನ್ನು ಇಲ್ಲಿ ಮಲಗಿಸಿದಾಗ ಇನ್ನೂ ತೊಯ್ದಿದ್ದವು.

ಕುಷಾಯಿಗೂಡದ ಈ ಮನೆಯಲ್ಲಿ ಚಂದ್ರಹಾಸರು ತಲೆಗೆ ಪೆಟ್ಟಾಗಿ ಸತ್ತು ಒಂದು ವಾರ ಕಳೆದಿತ್ತು. ಅವರ ಅಂಚೆಚೀಟಿಗಳ ಮೊದಲ ಸಂಪುಟ ಕಾಣೆಯಾಗಿತ್ತು. ಎರಡೂ ಅಪವಾದಗಳನ್ನು ಹೊತ್ತು ಮನೆಗೆಲಸದ ಸುಗಲಮ್ಮ ಲಾಕಪ್ಪಿನಲ್ಲಿ ಕುಳಿತಿದ್ದಳು.

ವೇದವತಿ ತಲೆಯೆತ್ತಿ ಊಟದ ಮೇಜಿನ ಕಡೆ ನೋಡಿದಳು. ಅದರ ಕಾಲಬುಡದಲ್ಲೇ ಚಂದ್ರಹಾಸರು ಬಿದ್ದಿದ್ದು. ಪೊಲೀಸರು ಬಂದಾಗ ಮೇಜಿನ ಮೇಲೆ ಒಂದು ಬಿಳಿಯ ಬೋಗುಣಿ ಕವುಚಿಕೊಂಡಿತ್ತು. ಅಡುಗೆಮನೆಯ ಪಾತ್ರೆಯೆಂದು ಯಾರೂ ಅದರತ್ತ ನೋಡಿರಲಿಲ್ಲ.

ಅದು ಅಡುಗೆಯ ಪಾತ್ರೆಯಲ್ಲ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ನಿವೃತ್ತರಾದ ಚಂದ್ರಹಾಸರಿಗೆ ಒಂದೇ ಹುಚ್ಚು. ಒಂದು ದೇಶ, ಅದರ ಅಂಚೆಚೀಟಿಗಳೆಲ್ಲ. ರಾಣಿಯ ಕಾಲದ ಅರ್ಧ ಆಣೆಯಿಂದ ಹಿಡಿದು ಮೊನ್ನೆ ಮೊನ್ನೆ ಅಂಚೆಯಲ್ಲಿ ಬಂದ ಐದು ರೂಪಾಯಿಯವರೆಗೆ ಭಾರತದ ಯಾವುದನ್ನೂ ಬಿಟ್ಟವರಲ್ಲ. ನೆರೆಹೊರೆಯವರೆಲ್ಲ ತಮಗೆ ಬಂದ ಲಕೋಟೆಗಳ ಮೂಲೆಯನ್ನು ಕತ್ತರಿಸಿ ಅವರಿಗೆ ಕೊಡುತ್ತಿದ್ದರು. ಅವರು ಆ ತುಂಡುಗಳನ್ನು ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕುವರು. ಅಂಟು ಬಿಟ್ಟು ಚೀಟಿ ತಾನಾಗಿ ಜಾರಿದ ಮೇಲೆ, ಮಂಚದ ಮೇಲೆ ಹಳೆಯ ಧೋತರ ಹಾಸಿ ಒಣಗಿಸುವರು. ಧೋತರವಲ್ಲದೆ ಬೇರೆ ಏನೂ ಆಗದು.

ಆ ಧೋತರ ಈಗಲೂ ಬಾಗಿಲ ಹಿಂದಿನ ಗೂಟದಲ್ಲಿ, ಇಸ್ತ್ರಿಯ ಮಡಿಕೆ ಕೂಡ ಬಿಚ್ಚದೆ ನೇತಾಡುತ್ತಿತ್ತು.

ಹಾಗಾದರೆ ಚಂದ್ರಹಾಸರು ಚೀಟಿಗಳನ್ನು ಒಣಗಿಸಲಿಲ್ಲ. ಒಣಗಿಸುವ ಮೊದಲೇ ಬಿದ್ದರು. ಅವರು ಬಿದ್ದ ಮೇಲೆ ಇನ್ನೊಬ್ಬರು ಅದೇ ಮೇಜಿನ ಬಳಿ ನಿಂತು, ಬೋಗುಣಿಯಿಂದ ಒಂದೊಂದೇ ಚೀಟಿಯನ್ನು ಎತ್ತಿ, ಡೈರೆಕ್ಟರಿಯಲ್ಲಿ ಮಲಗಿಸಿ, ನೀರು ಚೆಲ್ಲಿ, ಬೋಗುಣಿ ಕವುಚಿ ಹೋಗಿದ್ದರು.

ಪೆಟ್ಟು ಬಿದ್ದೊಡನೆ ಆಸ್ಪತ್ರೆಗೆ ಸೇರಿಸಿದ್ದರೆ ಮನುಷ್ಯ ಉಳಿಯುತ್ತಿದ್ದ ಎಂದು ಡಾಕ್ಟರು ಬರೆದುಕೊಟ್ಟಿದ್ದರು.

ವೇದವತಿಗೆ ಕಳ್ಳರ ಮೇಲೆ ಸಿಟ್ಟು ಬರುವುದು ಅಪರೂಪ. ವಿಮಾ ಕಂಪನಿಯೊಂದರ ತನಿಖೆಯ ಕೆಲಸದಲ್ಲಿ ತಲೆ ನೆರೆಸಿಕೊಂಡು, ಈಗ ನಾಂಪಲ್ಲಿಯ ಮಹಡಿಕೋಣೆಯಲ್ಲಿ ಸ್ವಂತ ಬೋರ್ಡು ಹಾಕಿಕೊಂಡವಳು. ತಾವೇ ಬೆಂಕಿ ಇಟ್ಟ ಗೋದಾಮಿನ ಮುಂದೆ ನಿಂತು ಎದೆ ಬಡಿದುಕೊಂಡು ಅತ್ತವರನ್ನೂ ನಗುತ್ತಲೇ ಹಿಡಿದುಕೊಟ್ಟವಳು. ಆದರೆ ಈಗ ಅವಳ ಕಿವಿಯ ತುದಿ ಬಿಸಿಯಾಯಿತು. ಕಾಲಬುಡದಲ್ಲಿ ಜೀವ ಒದ್ದಾಡುತ್ತಿರುವಾಗ, ಕಸದ ಬುಟ್ಟಿಗೆ ಹೋಗಬಹುದಾದ ಚೀಟಿಗಳನ್ನು ಬಣ್ಣ ಕೆಡದಂತೆ ಕಾಪಾಡಿದ ಕೈ ಎಂಥದು?

ಫೋನಿನತ್ತ ಕೈ ಚಾಚಿ ಠಾಣೆಯ ನಂಬರು ತಿರುಗಿಸಿದಳು.

ಇನ್‌ಸ್ಪೆಕ್ಟರ್ ನರ್ಸಿಂಗರಾವ್ ಜಹೀರಾಬಾದಿನ ಕಡೆಯವನು. ಬೀದರಿನ ಗಡಿಯಲ್ಲಿ ಬೆಳೆದವನಾದ್ದರಿಂದ ಅವನ ಕನ್ನಡಕ್ಕೇನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಬೇರೆಯದರಲ್ಲಿ.

“ಡೈರೆಕ್ಟರಿನಾಗ ಸ್ಟ್ಯಾಂಪ್ ಸಿಕ್ಕಾವ್ರಿ, ಸಾಹೇಬ್ರ.”

“ನಮ್ಮನಿ ಡೈರೆಕ್ಟರಿನಾಗ ಕರೆಂಟ್ ಬಿಲ್ ಸಿಗ್ತಾವ್ರಿ, ಮೇಡಂ. ಅದಕ್ಕೂ ಒಂದು ಕೇಸ್ ಹಾಕಲೇನು?”

“ನಗಬ್ಯಾಡ್ರಿ. ಒಣಗಿಸಿದ್ದು ಸ್ಟ್ಯಾಂಪಿನ ಗುಣಾ ಬಲ್ಲವರ ಕೈ. ಸುಗಲಮ್ಮಗ ಅದು ಗೊತ್ತಿಲ್ಲ.”

“ಮನಿ ಕೀಲಿ ಆಕಿ ಕಡೆ ಇತ್ತು. ಗುಡಿಸಲದಾಗ ಸ್ಟ್ಯಾಂಪ್ ಸಿಕ್ಕಾವ. ನನಗ ಇಷ್ಟ ಸಾಕು. ನಮ್ಮ ಕಸ್ಟಡಿ ಇವತ್ತ ಮುಗೀತು, ಸಂಜಿಗೆ ಮತ್ತ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸ್ತೀನಿ, ಅಲ್ಲಿಂದ ಸೀದಾ ಜೇಲು. ನೀವು ಡೈರೆಕ್ಟರಿ ಓದಿಕೋತ ಕೂಡ್ರಿ, ಟೈಂಪಾಸ್ ಆಗ್ತದ.”

ಅವನು ಫೋನಿಟ್ಟ ಸದ್ದು ಕೆನ್ನೆಗೆ ಹೊಡೆದಂತಾಯಿತು.

ಗುಡಿಸಲಿನಲ್ಲಿ ಸಿಕ್ಕ ಸ್ಟ್ಯಾಂಪುಗಳನ್ನು ವೇದವತಿ ಕಣ್ಣಾರೆ ನೋಡಿದ್ದಳು. ಶಹಾಪುರದಿಂದ ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆ ಬಂದು, ಅವನು ತೀರಿಕೊಂಡ ಮೇಲೆ ಮನೆಗೆಲಸಕ್ಕೆ ನಿಂತವಳು ಸುಗಲಮ್ಮ. ತಗಡಿನ ಗುಡಿಸಲಿನ ಅಂಗೈಯಗಲದ ಕನ್ನಡಿಯ ಸುತ್ತ ನವಿಲು, ಹುಲಿ, ಕಮಲದ ಚಿತ್ರದ ಚೀಟಿಗಳನ್ನು ಹಣೆಯ ಬೊಟ್ಟುಗಳ ಜೊತೆಗೇ ಅಂಟಿಸಿದ್ದಳು. ಅದು ಕಳವಿನ ಮಾಲಂತೆ!

ನಿನ್ನೆ ಲಾಕಪ್ಪಿನ ಸರಳುಗಳ ಹಿಂದಿನಿಂದ ಆಕೆ ಕೇಳಿದ್ದು ಇನ್ನೂ ಕಿವಿಯಲ್ಲಿತ್ತು.

“ಬಾಯಾರ, ಕದ್ದದ್ದು ಯಾರರೆ ಕನ್ನಡಿಗೆ ಹಚ್ಚತಾರೇನ್ರಿ? ದಿನಾ ಮುಂಜಾನೆ ಮಾರಿ ನೋಡ್ಕೋಳೋ ಕನ್ನಡಿಗೆ? ಒಂದ ನಮೂನಿವು ಎರಡ ಬಂದ್ರ ಅಣ್ಣಾರ ನನಗ ಕೊಡತಿದ್ರು. ನಾ ಕದ್ದಿಲ್ರಿ. ನನ್ನ ತಾಳೀ ಆಣಿ ಹಾಕೂಣಂದ್ರ ತಾಳೀನೂ ಇಲ್ಲ. ಹಂಗ ನಂಬ್ರಿ.”

ವೇದವತಿ ನಂಬಿದ್ದಳು. ಹಾಗೆ ಕೇಳಿದವಳನ್ನು ನಂಬದಿರಲು ನರ್ಸಿಂಗರಾವ್ ಆಗಿರಬೇಕು.

ಅಡುಗೆಮನೆಯಲ್ಲಿ ಕಪ್ಪು ಬಸಿಗಳ ಸದ್ದಾಯಿತು. ವೇದವತಿ ಚೀಟಿಗಳನ್ನು ಒಳಗೇ ಇರಿಸಿ ಡೈರೆಕ್ಟರಿ ಮುಚ್ಚಿದಳು. ಸಿಕ್ಕ ಸುಳಿವನ್ನು ಕೆಲಸಕ್ಕೆ ಕರೆದವರಿಗೂ ತೋರಿಸಬಾರದೆಂಬುದು ಅವಳ ಹಳೆಯ ನೇಮ.

ಚಹಾ ತಂದವಳು ಕುಮುದಾ, ಚಂದ್ರಹಾಸರ ಒಬ್ಬಳೇ ಮಗಳು. ಇದೇ ಮನೆಯ ಮಹಡಿಯಲ್ಲಿ ವಾಸ, ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರಿ. ಅಪ್ಪ ಸತ್ತ ಮಧ್ಯಾಹ್ನ ಆಫೀಸಿನಲ್ಲಿದ್ದೆ ಎಂದಿದ್ದಳು. ಸುಗಲಮ್ಮನನ್ನು ಬಿಡಿಸಿಕೊಡಿ ಎಂದು ನಾಂಪಲ್ಲಿಯ ಮೆಟ್ಟಿಲು ಹತ್ತಿ ಬಂದವಳೂ ಅವಳೇ.

“ವಕೀಲರು ಸಿಕ್ಕರೇನ್ರಿ, ವೇದಕ್ಕ?”

“ವಕೀಲರಕಿಂತ ಛೊಲೋದು ಸಿಕ್ಕೈತಿ. ನಿಮ್ಮಪ್ಪನ ಸ್ಟ್ಯಾಂಪಿನ ಕೆಲಸ ಬಲ್ಲವರು ಯಾರಾರು ಅದಾರವಾ?”

“ರವಿಶಂಕರ್ ಒಬ್ಬ. ಪ್ರತಿ ಆಯ್ತವಾರ ಬಂದು ಅಪ್ಪನ ಮುಂದ ಕೈಕಟ್ಟಿ ಕೂಡತಿದ್ದ. ಈಗ ಇಂಟರ್ನೆಟ್ಟಿನ್ಯಾಗ ಸ್ಟ್ಯಾಂಪಿನ ಅಂಗಡಿ ತೆಗದಾನ.”

“ನೀನು?”

ಕುಮುದಾ ನಕ್ಕಳು. ನಗೆಯಲ್ಲಿ ಸ್ವಲ್ಪವೂ ಸಕ್ಕರೆಯಿರಲಿಲ್ಲ.

“ನನಗ ಅವೆಲ್ಲಾ ಒಂದ ರೀ. ಹಚ್ಚೋದು, ಡಬ್ಬಿಗೆ ಹಾಕೋದು. ಈ ಮನ್ಯಾಗ ಆಲ್ಬಂ ಮುಟ್ಟೋ ಹಕ್ಕು ನನಗಿರಲಿಲ್ಲ.”

ವೇದವತಿ ಚಹಾ ಕುಡಿಯುತ್ತ ಯೋಚಿಸಿದಳು. ಧೋತರ ಬಿಟ್ಟು ಡೈರೆಕ್ಟರಿ ಹಿಡಿದವರು ಯಾರಿರಬಹುದು? ಅವಸರದವರು. ಬಟ್ಟೆ ಹಾಸಿ, ಒಣಗುವವರೆಗೂ ಕಾದು ಕೂರಲು ಪುರುಸೊತ್ತಿಲ್ಲದವರು. ಹಾಳೆಯ ನಡುವೆ ಒತ್ತಿದರೆ ಚೀಟಿ ಸುರುಳಿಯಾಗದೆ ಚಪ್ಪಟೆಯಾಗಿ ಒಣಗುತ್ತದೆ. ಹಾಗೆಯೇ ಕವರಿಗೆ ತುಂಬಿ ಮಾರಬಹುದು. ಇದು ವ್ಯಾಪಾರಿಯ ಕೈ.

ಕಾಣೆಯಾದ ಚೀಟಿಗಳು ಎಲ್ಲಾದರೂ ಮಾರಾಟಕ್ಕಿವೆಯೇ ಎಂದು ಹುಡುಕುತ್ತ, ಆ ವ್ಯಾಪಾರಿಯ ಅಂಗಡಿಯನ್ನು ಆಕೆ ಬೆಳಿಗ್ಗೆಯೇ ಸೈಬರ್ ಕೆಫೆಯೊಂದರಲ್ಲಿ ತೆರೆದು ನೋಡಿದ್ದಳು. ಅಲ್ಲಿ ಕಂಡ ಒಂದು ಚಿತ್ರದ ಬಣ್ಣದ ಪ್ರಿಂಟು ಈಗಲೂ ಕೈಚೀಲದಲ್ಲಿತ್ತು.

ರವಿಶಂಕರನಿಗೆ ಫೋನು ಹೋಯಿತು. “ಚಂದ್ರಹಾಸರ ಮತ್ತೊಂದು ಆಲ್ಬಂ ಸಿಕ್ಕೈತ್ರಿ. ಹಳೇವು ಭಾಳ ಅದಾವ. ನೋಡಿ ಹೇಳೋರು ಯಾರೂ ಇಲ್ಲ.” ಅಷ್ಟು ಸಾಕಾಯಿತು. ಊರಿನ ಆ ತುದಿಯಿಂದ ಈ ತುದಿಗೆ ಈಗಲೇ ಹೊರಟೆ ಎಂದ.

ಅವನು ಬರುವಷ್ಟರಲ್ಲಿ ವೇದವತಿ ಬಲೆ ಹಾಸಿದಳು.

ಬೋಗುಣಿಗೆ ಬೆಚ್ಚನೆಯ ನೀರು ಸುರಿದು, ಚಂದ್ರಹಾಸರ ಡಬ್ಬಿಯಲ್ಲಿ ಉಳಿದಿದ್ದ ಲಕೋಟೆಯ ತುಂಡುಗಳನ್ನು ನೆನೆಹಾಕಿದಳು. ಸುತ್ತ ಒಂದು ಟವೆಲು, ದಿನಪತ್ರಿಕೆ, ಆ ಡೈರೆಕ್ಟರಿ, ಎಲ್ಲವನ್ನೂ ಮರೆತು ಬಿಟ್ಟಂತೆ ಇಟ್ಟಳು. ಕಾರಿನ ಸದ್ದು ಗೇಟಿನ ಹೊರಗೆ ಕೇಳಿಸಿದಾಗ, ಮದುವೆಯ ಕರೆಯೋಲೆ ಬಂದಿದ್ದ ಒಂದು ಅಚ್ಚಗೆಂಪು ಲಕೋಟೆಯ ಮೂಲೆಯನ್ನು ಹರಿದು ಅದೇ ನೀರಿಗೆ ತೇಲಿಬಿಟ್ಟಳು.

ಸ್ಟ್ಯಾಂಪು ಕೂಡಿಸುವವರ ಮನೆಯಲ್ಲಿ ಇದೊಂದು ಮಹಾಪಾಪ. ಕೆಂಪು ಕಾಗದ ನೀರಿಗೆ ಬಿದ್ದರೆ ಬಣ್ಣ ಬಿಡುತ್ತದೆ. ಬಿಟ್ಟ ಬಣ್ಣ ಉಳಿದೆಲ್ಲ ಚೀಟಿಗಳ ಬೆನ್ನಿಗೆ ಹತ್ತುತ್ತದೆ. ಹತ್ತಿದ್ದು ಜನ್ಮದಲ್ಲಿ ಹೋಗುವುದಿಲ್ಲ. ಮೈ ತುಂಬಿದ ಸಿಟ್ಟಿನಲ್ಲಿದ್ದರೂ, ಸುಳ್ಳು ಹೇಳುವುದರಲ್ಲಿ ಮುಳುಗಿದ್ದರೂ, ಆ ಹುಚ್ಚು ಹತ್ತಿದವನು ಇದನ್ನು ನೋಡುತ್ತ ಕೂರಲಾರ. ಅಂದೂ ಕೂತಿರಲಿಲ್ಲ.

ರವಿಶಂಕರ್ ಒಳಗೆ ಬಂದ. ಬೆಂಗಳೂರಿನವನು. ಗರಿಗರಿ ಅಂಗಿ, ಟೈ, ಸೊಂಟಕ್ಕೆ ಸಿಕ್ಕಿಸಿದ ಮೊಬೈಲು, ಮೂವತ್ತಕ್ಕೇ ಹಣ ನೋಡಿದವನ ಚುರುಕು ನಡಿಗೆ.

“ಎಲ್ಲಿ ಮೇಡಂ, ಆಲ್ಬಂ?”

“ಕೂಡ್ರಿ. ಮೊದಲ ಇದನ್ನ ನೋಡ್ರಿ.”

ವೇದವತಿ ಪ್ರಿಂಟನ್ನು ಅವನ ಮುಂದೆ ಬಿಡಿಸಿಟ್ಟಳು. ಸಾವಿರದ ಒಂಬೈನೂರ ನಲವತ್ತೆಂಟರ ಗಾಂಧಿ, ಹತ್ತು ರೂಪಾಯಿ. ಆಮೇಲೆ ಗೋಡೆಯಿಂದ ಒಂದು ಚೌಕಟ್ಟನ್ನು ಇಳಿಸಿ ಅದರ ಪಕ್ಕಕ್ಕಿಟ್ಟಳು. ಚಂದ್ರಹಾಸರಿಗೆ ಬಹುಮಾನ ತಂದ ಆಲ್ಬಂ ಪುಟದ ದೊಡ್ಡ ಫೋಟೊ. ಅದರಲ್ಲೂ ಅದೇ ಗಾಂಧಿ.

“ಬಲಗಡೆ ಕೆಳಗಿನ ಮೂಲಿ ನೋಡ್ರಿ. ಅಂಚಿನ ಒಂದು ಹಲ್ಲು ಮೊಂಡ ಐತಿ. ನಿಮ್ಮ ಅಂಗಡ್ಯಾಗಿಂದೂ ಮೊಂಡ, ಇವರದೂ ಮೊಂಡ.”

ರವಿಶಂಕರನ ಮುಖದ ರಕ್ತ ಇಳಿಯಿತು. ಆದರೆ ನಾಲಿಗೆ ಇಳಿಯಲಿಲ್ಲ.

“ಗಾಂಧಿಗೆ ಆ ವಯಸ್ಸಲ್ಲಿ ಹಲ್ಲು ಎಲ್ಲಿತ್ತು ಮೇಡಂ?”

ವೇದವತಿ ಅಂಗೈಯಿಂದ ಮೇಜನ್ನು ಅಪ್ಪಳಿಸಿದಳು. ಬೋಗುಣಿಯ ನೀರು ತುಳುಕಿತು.

“ಚೇಷ್ಟಿ ಸಾಕು! ಇಲ್ಲೇ, ನಿನ್ನ ಬೂಟಿನ ಬುಡಕ್ಕ ನಿನಗ ವಿದ್ಯಾ ಕಲಿಸಿದ ಮನಿಷ್ಯಾ ಸತ್ತಾನ. ಯಾರರೆ ಒಂದ ಆಟೋ ಕರದಿದ್ರ ಉಳೀತಿದ್ದ. ನಗ್ತೀಯೇನು?”

ಬಹುವಚನ ಜಾರಿದ್ದು ಇಬ್ಬರಿಗೂ ಗೊತ್ತಾಯಿತು. ಅಡುಗೆಮನೆಯ ಬಾಗಿಲಲ್ಲಿ ಕುಮುದಾ ಬಂದು ನಿಂತಿದ್ದಳು.

ರವಿಶಂಕರ್ ಟೈ ಸಡಿಲಿಸಿಕೊಂಡ. “ಕದ್ದಿದ್ದಲ್ಲ. ದುಡ್ಡು ಕೊಟ್ಟು ತಗೊಂಡಿದ್ದು.”

“ಯಾರ ಕಡಿಂದ?”

“ಹೇಳಲ್ಲ.”

“ಯಾಕ?”

“ನಮ್ಮಲ್ಲಿ ಮಾರಿದವರ ಹೆಸರು ಹೊರಗೆ ಹೇಳೋ ಪದ್ಧತಿ ಇಲ್ಲ. ಇವತ್ತು ಒಬ್ಬರ ಹೆಸರು ಹೇಳಿದ್ರೆ ನಾಳೆ ನನ್ನ ಬಾಗಿಲಿಗೆ ಯಾರೂ ಬರಲ್ಲ.”

“ಪದ್ಧತಿ! ಆ ಕಡೆ ಒಬ್ಬಾಕಿ ಬಡವಿ ಜೇಲಿಗೆ ಹೊಂಟಾಳ. ನಿನ್ನ ಪದ್ಧತಿಗೆ ಆಕೀನ ಎಣ್ಣಿ ಬತ್ತಿ ಆಗಬೇಕೇನು?”

“ನನ್ನ ಮೇಲೆ ಕೂಗಿ ಏನುಪಯೋಗ? ಪೊಲೀಸ್ನೋರ ಮೇಲೆ ಕೂಗಿ!” ಅವನ ದನಿಯೂ ಏರಿತು. “ಮೇಷ್ಟ್ರು ಸತ್ತಿದ್ದಕ್ಕೆ ನಿಮಗಿಂತ ನನಗೆ ಹೆಚ್ಚು ಸಂಕಟ ಇದೆ. ಅವರು ಸಾಯೋದಕ್ಕೆ ತಿಂಗಳು ಮೊದಲೇ ನಾನು ಅದನ್ನ ಕೊಂಡಿದ್ದು. ಮಾರಿದವರು ಕಳ್ಳರಲ್ಲ. ಮಾರೋ ಹಕ್ಕು ಅವರಿಗಿತ್ತು. ಇಷ್ಟೇ ನಾನು ಹೇಳೋದು.”

“ಹಕ್ಕು ಇದ್ದದ್ದು ಚಂದ್ರಹಾಸರಿಗೆ ಒಬ್ಬರಿಗೆ. ಅವರು ಮಾರೋ ಪೈಕಿ ಅಲ್ಲ.”

“ಹಾಗಂತ ನೀವು ಅಂದ್ಕೊಂಡಿದ್ದೀರಿ…”

ಅವನ ಮಾತು ಅಲ್ಲಿಗೆ ನಿಂತಿತು. ಕಣ್ಣು ಬೋಗುಣಿಯ ಮೇಲೆ ಬಿದ್ದಿತ್ತು.

ನೀರಿನ ನಡುವೆ ಕುಂಕುಮದ ಗೆರೆಯೊಂದು ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

“ಮೇಡಂ, ಆ ಬೋಗುಣಿ…”

“ಬೋಗುಣಿ ಬಿಡ್ರಿ. ಮಾರಿದವರು ಯಾರು?”

“ಅಯ್ಯೋ, ಕೆಂಪು ಲಕೋಟೆ ಹಾಕಿದ್ದೀರಲ್ರೀ ಅದರೊಳಗೆ! ಯಾರ್ರೀ ನಿಮಗೆ ಹೇಳಿಕೊಟ್ಟಿದ್ದು?”

“ಹೆಸರು ಹೇಳ್ರಿ!”

ಅವನು ಕುರ್ಚಿಯನ್ನು ಹಿಂದಕ್ಕೆ ಒದ್ದು ಎದ್ದ. ವೇದವತಿ ಅವನ ಕೈಯನ್ನೇ ನೋಡಿದಳು. ಅವನ ಬಲಗೈ ಟವೆಲಿನ ಬಳಿ ಸುಳಿಯಿತು, ಬಿಟ್ಟಿತು. ಡೈರೆಕ್ಟರಿಯ ಮೇಲೆ ಬಿತ್ತು.

ಬಿದ್ದ ಕೈ ಅದನ್ನು ಅಡ್ಡ ಬಂದ ಕಲ್ಲಿನಂತೆ ಅತ್ತ ತಳ್ಳಿತು.

ಜೇಬಿನಿಂದ ಬಿಳಿಯ ಕರವಸ್ತ್ರ ತೆಗೆದು ಹಾಸಿದ. ಬೋಗುಣಿಗೆ ಬೆರಳಿಳಿಸಿ, ಚೀಟಿಯೊಂದರ ಅಡಿಗೆ ಬೆರಳು ತೂರಿಸಿ, ಹಸುಗೂಸನ್ನು ಎತ್ತುವಂತೆ ಎತ್ತಿ, ಬಟ್ಟೆಯ ಮೇಲೆ ಬೋರಲು ಮಲಗಿಸಿದ. ಇನ್ನೊಂದು. ಮತ್ತೊಂದು.

“ಡೈರೆಕ್ಟರಿ ಯಾಕ ಸರಿಸಿದ್ರಿ?” ವೇದವತಿ ಕೇಳಿದಳು.

“ಡೈರೆಕ್ಟರಿನಲ್ಲಿ ಒಣಗಿಸೋದಾ? ಮೇಷ್ಟ್ರ ಮುಂದೆ ಆ ಮಾತು ಆಡಿದ್ರೆ ಅಟ್ಟಿಸಿಕೊಂಡು ಬರ್ತಿದ್ರು. ಅಚ್ಚಿನ ಮಸಿ ಹತ್ತುತ್ತೆ. ಬಟ್ಟೆ, ಬಟ್ಟೆ ಬಿಟ್ರೆ ಬೇರೆ ಇಲ್ಲ. ಅವರ ಹತ್ರ ಕಲಿತ ಯಾರೂ ಹಾಗೆ ಮಾಡಲ್ಲ.”

ವೇದವತಿಯ ಬಲೆಗೆ ಗಾಳಿ ಬಿದ್ದಿತ್ತು. ಇವನಲ್ಲ. ಗುರು ಕಲಿಸಿದ್ದನ್ನು ಈ ಗಾಬರಿಯಲ್ಲೂ ಮೀರದವನು, ಅಂದು ಮಾತ್ರ ಹೇಗೆ ಮೀರಿಯಾನು? ಇಡೀ ಮಧ್ಯಾಹ್ನವನ್ನು ತಪ್ಪು ಮನುಷ್ಯನ ಮೇಲೆ ಸುರಿದಿದ್ದಳು. ಅತ್ತ ನರ್ಸಿಂಗರಾವನ ಜೀಪು ಕೋರ್ಟಿಗೆ ಹೊರಡುವ ಹೊತ್ತಾಗಿತ್ತು. ತನ್ನ ಮೇಲೆಯೇ ಉಕ್ಕಿದ ಸಿಟ್ಟಿಗೆ ಅವಳು ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಮೇಜಿನ ಬಳಿ ಎರಡರ ಬದಲು ನಾಲ್ಕು ಕೈಗಳು ಆಡುತ್ತಿದ್ದವು.

“ಸರೀರಿ! ನಿಮ್ಮ ಒಂದ ಅರಿವಿ ಎಷ್ಟಕ್ಕ ಸಾಕಾಗ್ತದ? ಒಳಗ ಇನ್ನೂ ಅಷ್ಟ ಅದಾವ.”

ಕುಮುದಾ ಅವನನ್ನು ಭುಜದಿಂದ ಪಕ್ಕಕ್ಕೆ ನೂಕಿದ್ದಳು. ಕೆಂಪೇರಿದ ನೀರಿನಿಂದ ಚೀಟಿಗಳನ್ನು ಒಂದಾದ ಮೇಲೊಂದು ಎತ್ತುತ್ತಿದ್ದಳು. ಮೂಲೆ ಹಿಡಿದು ಎಳೆಯಲಿಲ್ಲ. ಅಡಿಯಿಂದ ಬೆರಳು ತೂರಿಸಿದಳು. ಎಡಗೈ ತಾನಾಗಿ ಡೈರೆಕ್ಟರಿಯನ್ನು ಸೆಳೆದು ತೆರೆಯಿತು. ಮುಖ ಕೆಳಗೆ ಮಾಡಿ, ಒಂದಕ್ಕೊಂದು 
ತಾಗದಂತೆ, ಸಾಲು. ಪುಟ ಮಗುಚಿದಳು. ಮತ್ತೊಂದು ಸಾಲು. ಮುಚ್ಚಿ, ಕಿಟಕಿಯ ಕಟ್ಟೆಯಲ್ಲಿದ್ದ ಹಿತ್ತಾಳೆಯ ಕುಟ್ಟಾಣಿಯನ್ನು ಅದರ ಮೇಲೆ ಹೇರಿದಳು.

ಎಲ್ಲವೂ ಒಂದು ಉಸಿರಿನಲ್ಲಿ ನಡೆದುಹೋಯಿತು. ಆಮೇಲೆ ಅವಳು ಹೆಗಲ ದುಪಟ್ಟಾಕ್ಕೆ ಕೈ ಒರೆಸಿಕೊಂಡು ತಲೆಯೆತ್ತಿದಳು. ವೇದವತಿಯ ಕಣ್ಣು ಕಂಡಳು.

ರವಿಶಂಕರ್ ಕುಮುದಾಳನ್ನು ನೋಡಲಿಲ್ಲ. ತನ್ನ ಕರವಸ್ತ್ರವನ್ನೇ ನೋಡುತ್ತಿದ್ದ. ಮಾರಿದವರ ಹೆಸರನ್ನು ಅವನು ಇನ್ನು ಹೇಳಬೇಕಾಗಿರಲಿಲ್ಲ.

“ಯಾವಾಗ ಕಲತಿ?” ವೇದವತಿ ಕೇಳಿದಳು.

ಕುಮುದಾ ಕುಟ್ಟಾಣಿಯನ್ನು ಡೈರೆಕ್ಟರಿಯ ನಟ್ಟನಡುವಿಗೆ ಸರಿಸಿದಳು. ಬಾಯಿ ತೆರೆದಾಗ ದನಿ ನಡುಗಲಿಲ್ಲ, ಕುದಿಯುತ್ತಿತ್ತು.

“ಸಾಲಿಗೆ ಹೋಗೋವಾಗ. ಹೆಣ್ಣಹುಡುಗೂರ ಕೈ ಬೆವರತಾವ, ಮುಟ್ಟಬ್ಯಾಡ ಅಂತಿದ್ದ. ಆಯ್ತವಾರ ಬಂದ ಪರದೇಶಿ ಹುಡುಗರ ಕೈಯಾಗ ಆಲ್ಬಂ ಕೊಡತಿದ್ದ. ಅವರಿಗೆ ಚಹಾ ಮಾಡಾಕ ನಾನು. ಅವ ಒಗದ ಪಾಕೀಟು ತಿಪ್ಪ್ಯಾಗಿಂದ ಆರಿಸಿಕೊಂಡು ಬಚ್ಚಲದಾಗ ನೆನಿಯಿಡತಿದ್ದೆ. ಧೋತರದ ಮ್ಯಾಲೆ ಹಾಕಿದ್ರ ಕಾಣಸ್ತಾವಲ್ರಿ. ಡೈರೆಕ್ಟರಿ ಒಳಗ ಹಾಕಿ ಮುಚ್ಚಿದ್ರ ಯಾರಿಗೆ ಕಾಣಬೇಕು?”

ಅವಸರದವರ ಕೈಯಲ್ಲ ಅದು, ಅಡಗಿಸಬೇಕಾದವರ ಕೈ. ಅಷ್ಟು ಸಣ್ಣ ಮಾತು ಹೊಳೆಯದೆ ಹೋದದ್ದಕ್ಕೆ ವೇದವತಿ ತುಟಿ ಕಚ್ಚಿಕೊಂಡಳು. ಆದರೆ ಈ ಹುಡುಗಿಯ ಮೇಲೆ ಹುಟ್ಟುತ್ತಿದ್ದ ಮರುಕವನ್ನು ಮರುಗಳಿಗೆಯೇ ಸಿಟ್ಟು ತಿಂದುಹಾಕಿತು.

“ಆಫೀಸಿನ್ಯಾಗ ಇರಲಿಲ್ಲ ನೀನು. ಇಲ್ಲಿದ್ದಿ. ಕಾಲಬುಡಕ್ಕ ಹಡದ ಅಪ್ಪ ಬಿದ್ದಿದ್ದ, ಉಸಿರಾಡ್ತಿದ್ದ. ನೀನು ಐದ ರೂಪಾಯಿ ಸ್ಟ್ಯಾಂಪ್ ಒಣಗಸಾಕತ್ತಿದ್ದಿ! ತಪ್ಪಿಲ್ಲದಾಕೀನ ಜೇಲಿಗೆ ನೂಕಿ, ಆಕೀನ್ನ ಬಿಡಸ್ರಿ ಅಂತ ನನ್ನ ಕಡೆ ಬಂದಿ. ಯಾವ ಕಲ್ಲಿನಿಂದ ಮಾಡ್ಯಾನ ನಿನ್ನ ದೇವರು?”

ಕುಮುದಾ ತಲೆ ತಗ್ಗಿಸಲಿಲ್ಲ. “ನನಗ ಬೈರಿ. ಆದರ ಒಂದ ಮಾತು ತಪ್ಪು ಅಂದ್ರಿ.”

“ಯಾವ ಮಾತು?”

ಫೋನು ಹೊಡೆದುಕೊಂಡಿತು.

ವೇದವತಿ ಅವಳ ಮುಖದಿಂದ ಕಣ್ಣು ಕೀಳದೆ ರಿಸೀವರ್ ಎತ್ತಿದಳು. ನರ್ಸಿಂಗರಾವನ ಮಾತಿನಲ್ಲಿ ಹಬ್ಬದೂಟ ಮುಗಿಸಿದವನ ತೃಪ್ತಿಯಿತ್ತು.

“ಕೇಸ್ ಖತಂ, ಮೇಡಂ. ನಿಮ್ಮ ಸುಗಲಮ್ಮ ಒಪ್ಪಿಕೊಂಡ್ಲು. ಹೊಡದಿಲ್ಲ, ಬಡದಿಲ್ಲ, ತಾನಾಗಿ ಹೇಳಿ ಹೆಬ್ಬೆಟ್ಟು ಒತ್ತ್ಯಾಳ.”

“ಸುಳ್ಳು! ಕದ್ದೆ ಅಂದ್ಲೇನು ಆಕಿ?”

“ಅದಾ ಮಜಾ. ಈಗೂ ಕದ್ದಿಲ್ಲ ಅಂತಾಳ. ಮುದುಕನ್ನ ದೂಡಿದ್ದು ನಾನು ಅಂತಾಳ.”

ನಾ ಕದ್ದಿಲ್ರಿ. ನಾ ಕದ್ದಿಲ್ರಿ. ಸರಳುಗಳ ಹಿಂದಿನಿಂದ ಸುಗಲಮ್ಮ ಅದೆಷ್ಟು ಸಲ ಹೇಳಿದರೂ ಅಷ್ಟನ್ನೇ ಹೇಳಿದ್ದಳು. ಇನ್ನೊಂದು ಪ್ರಶ್ನೆಯನ್ನು ವೇದವತಿ ಕೇಳಿಯೇ ಇರಲಿಲ್ಲ. ಪೊಲೀಸರ ಮೇಲಿನ ಸಿಟ್ಟಿನ ಹೊಗೆಯಲ್ಲಿ ಕೇಳಬೇಕೆಂದು ತೋಚಿರಲೂ ಇಲ್ಲ.

“ಇಷ್ಟ ದಿನ ಬಾಯಿ ಬಿಡದಾಕಿ ಇವತ್ತ ಯಾಕ ಬಿಟ್ಲು?”

“ಮುಂಜಾನೆ ಕುಮುದಾ ಮೇಡಂ ನಾಷ್ಟಾ ಕೊಡ್ತೀನಂತ ಬಂದಿದ್ರು. ಸರಳಿನ ಹತ್ರ ಕುಂತು ಅದೇನು ಕುಸುಕುಸು ಮಾತಾಡಿದ್ರೋ. ಹೋದಮ್ಯಾಲೆ ಒಂದ ಸಮನ ಅತ್ತು, ಆಮ್ಯಾಲೆ ಬರಕೋರಿ ಅಂದ್ಲು. ಹಾಂ, ನಿಮಗೂ ಒಂದ ಮಾತು ಹೇಳಂದಾಳ. ಬಾಯಾರು ಇನ್ನ ನನ್ನ ಸಲವಾಗಿ ಓಡ್ಯಾಡೂದು ಬ್ಯಾಡಂತ.”

ಬೆಳಿಗ್ಗೆ ಠಾಣೆಗೆ ಹೋಗಿದ್ದನ್ನು ಕುಮುದಾ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

“ಏನ ಕಲಿಸಿ ಬಂದಿ ಆಕಿಗೆ?” ವೇದವತಿ ಗರ್ಜಿಸಿದಳು. “ನಿನ್ನ ತೆಲಿ ಉಳಿಸ್ಕೊಳ್ಳಾಕ ಆಕಿ ಬಾಯಾಗ ಸುಳ್ಳು ತುರುಕಿ ಬಂದಿಯಾ?”

“ನಿನ್ನ ಹೆಸರು ಹೇಳಬ್ಯಾಡ, ತಪ್ಪು ನಂದ ಅಂತ ನಾನ ಹೇಳ್ತೀನಿ, ನಾ ಎದುರು ಹೋಗ್ತೀನಿ ಅಂತ ಕಾಲ ಹಿಡದ ಬೇಡಿಕೊಂಡು ಬಂದೆ.” ಕುಮುದಾಳ ಕಣ್ಣು ಮೊದಲ ಸಲ ತುಂಬಿತು. “ಆಕಿ ಕೇಳಲಿಲ್ಲ. ಆಕಿ ಸುಳ್ಳು ಹೇಳಿಲ್ರಿ, ವೇದಕ್ಕ.”

ರಿಸೀವರಿನಲ್ಲಿ ನರ್ಸಿಂಗರಾವ್ ಹಲೋ ಹಲೋ ಎಂದು ಕೂಗುತ್ತಿದ್ದ. ವೇದವತಿಯ ಅಂಗೈ ಅವಳನ್ನು ಕೇಳದೆಯೇ ಹೋಗಿ ಅದರ ಬಾಯನ್ನು ಮುಚ್ಚಿತು.

“ದೂಡಿದಾಕಿ ಸುಗಲಮ್ಮನ. ಅಪ್ಪ ಆಕಿ ಸೆರಗ ಹಿಡದು ಎಳದಾಗ ದೂಡಿದ್ಲು, ನಾ ಬಾಗಿಲದಾಗ ನಿಂತು ನೋಡೀನಿ, ಅದಕ್ಕ ಆಟೋ ಕರೀಲಿಲ್ಲ. ಪೂರಾ ಹೇಳಿದೆ ಅಂದ್ರ, ಅಗೋ, ಅಪ್ಪನ ಫೋಟೋಕ್ಕ ಹಾಕೇನಲ್ಲ ಹೂವಿನ ಮಾಲಿ, ಅದನ್ನ ನೀವ ನಿಮ್ಮ ಕೈಲೆ ಹರದ ಒಗೀತೀರಿ.”